ತಂಬೂರಿ ನುಂಗಿದ ಜೂಮು

1994ರ ನವೆಂಬರ್ 18. ರೋಲಿಂಗ್ ಸ್ಟೋನ್ಸ್ ತಂಡ ಡಲ್ಲಾಸ್‌ನ ತನ್ನ ಸಂಗೀತ ಕಛೇರಿಯ ಒಂದು ಭಾಗವನ್ನು ಇಂಟರ್ನೆಟ್ಟಿನಲ್ಲಿ ನೇರ ಪ್ರಸಾರ ಮಾಡಲು ಸಜ್ಜಾಗಿತ್ತು. ಅಷ್ಟರಲ್ಲಿ ಅದೇ ಜಾಲದಲ್ಲಿ ‘ಸಿವಿಯರ್ ಟೈರ್ ಡ್ಯಾಮೇಜ್’ ಎಂಬ ಇನ್ನೊಂದು ತಂಡ ತನ್ನ ಪಾಡಿಗೆ ಗಿಟಾರು ಮೀಟತೊಡಗಿತು. ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಪಂಡಿತರ ಮೇಳ ಅದು. 1993ರ ಜೂನ್‌ನಲ್ಲೇ ಜೆರಾಕ್ಸ್ ಕಂಪನಿಯ ಸಂಶೋಧನಾಲಯದಿಂದ ಹಾಡಿ, ಇಂಟರ್ನೆಟ್ಟಿನಲ್ಲಿ ನೇರ ಕಛೇರಿ ಕೊಟ್ಟ ಮೊದಲ ತಂಡ ಎನಿಸಿಕೊಂಡವರು. ಕರೆಯದೆ ಬರುವವರಿಗೆ ಸರ್ವಜ್ಞ ಯಾವ ಸತ್ಕಾರ ವಿಧಿಸಿದ್ದಾನೆಂಬುದು, ಪುಣ್ಯಕ್ಕೆ, ಡಲ್ಲಾಸ್‌ನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಕಾಲು ಶತಮಾನ ಕಳೆದು, 2020ರಲ್ಲಿ ಕೋವಿಡ್ ಸಭಾಂಗಣಗಳಿಗೆ ಬೀಗ ಜಡಿದಾಗ ಕರ್ನಾಟಕ ಸಂಗೀತದ ವಿದ್ವಾಂಸರೂ ಅದೇ ಜಾಲಕ್ಕೆ ಇಳಿಯಬೇಕಾಯಿತು. ಚೆನ್ನೈನ ಡಿಸೆಂಬರ್ ಸೀಸನ್ನೇ ಪರದೆಗೆ ಬಂತು.

ಮೊದಲ ಬಲಿ ತಂಬೂರಿ. ಜೂಮ್ ಹುಟ್ಟಿದ್ದು ಮೀಟಿಂಗುಗಳಿಗಾಗಿ. ಮಾತನ್ನು ಉಳಿಸಿಕೊಂಡು, ಫ್ಯಾನು, ಎ.ಸಿ.ಗಳ ಎಡೆಬಿಡದ ಗುಂಯ್ ಸದ್ದನ್ನು ಸೋಸಿ ಎಸೆಯುವುದು ಅದರ ಧರ್ಮ. ಎಡೆಬಿಡದೆ ಗುಂಯ್ ಎನ್ನುವುದೇ ತಂಬೂರಿಯ ಧರ್ಮ. ಹೀಗಾಗಿ ಕೇಳುಗರಿಗೆ ಶ್ರುತಿಯೇ ಇಲ್ಲ. ವಿದ್ವಾಂಸರು ತಾರಷಡ್ಜದಲ್ಲಿ ಕಣ್ಣು ಮುಚ್ಚಿ ತುಸು ಹೆಚ್ಚು ಹೊತ್ತು ನಿಂತರೆ ಅವರನ್ನೂ ಫ್ಯಾನೆಂದೇ ಬಗೆದು ಅಳಿಸಿಬಿಡುವುದುಂಟು. ‘ಒರಿಜಿನಲ್ ಸೌಂಡ್’ ಎಂಬ ಆಯ್ಕೆಯೊಂದಿದೆ, ಒತ್ತಿದರೆ ತಂಬೂರಿ ಬದುಕುತ್ತದೆ. ಅದನ್ನು ಹುಡುಕಿಕೊಟ್ಟ ಮೊಮ್ಮಕ್ಕಳಿಗೆ ಆ ವರ್ಷ ಗುರುಪೂರ್ಣಿಮೆಯ ಗೌರವ ಸಲ್ಲಬೇಕಿತ್ತು.

ತಾಳದ ಪಾಡು ಇನ್ನೂ ದಾರುಣ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ವಿಡಿಯೋ ಕರೆಯಲ್ಲಿ ಅದು ತಲುಪಲು 150 ಮಿಲಿಸೆಕೆಂಡ್ ತಡವಾದರೂ ಸಾಕು, ಮೃದಂಗದವರು 50 ಮೀಟರ್ ಆಚೆ, ಬೀದಿ ಕೊನೆಯ ಕಿರಾಣಿ ಅಂಗಡಿಯಲ್ಲಿ ಕೂತು ನುಡಿಸಿದ ಲೆಕ್ಕ. ಅವರಿಗಾಗಿ ಇವರು ತಡೆದು, ಇವರಿಗಾಗಿ ಅವರು ತಡೆದು, ಮಧ್ಯಮಕಾಲದ ಕೃತಿ ವಿಳಂಬಕ್ಕೆ ಜಾರುತ್ತದೆ. ಆನ್‌ಲೈನ್ ಪಾಠದಲ್ಲಿ ಗುರು, ಶಿಷ್ಯೆ ಜೊತೆಗೂಡಿ ಹಾಡಲಾಗದ್ದೂ ಇದಕ್ಕೇ. ಶಿಷ್ಯೆ ಮೈಕ್ ಮ್ಯೂಟ್ ಮಾಡಿ ಹಾಡುತ್ತಾಳೆ. ಗುರುಗಳು ಬಾಯಿ ಅಲುಗುವುದನ್ನಷ್ಟೇ ನೋಡಿ, “ಪರವಾಗಿಲ್ಲಮ್ಮ, ಗಮಕ ಇನ್ನೊಂಚೂರು ಬರಲಿ” ಎನ್ನುತ್ತಾರೆ.

ಇಷ್ಟಾದರೂ ಲಾಭವಿಲ್ಲದಿಲ್ಲ. ಮಂಡಿನೋವಿನಿಂದ ಸಭಾಂಗಣದ ಮೆಟ್ಟಿಲು ಮರೆತಿದ್ದ ಹಿರಿಯರು ಮಂಚದ ಮೇಲೇ ಮುಂದಿನ ಸಾಲು ಹಿಡಿದರು. ಆದರೆ ಸಭೆಯಲ್ಲಿ ತೊಡೆ ತಟ್ಟಿ ‘ಭಲೇ’ ಎನ್ನುತ್ತಿದ್ದ ರಸಿಕ ಇಲ್ಲಿ ಬೆರಳಿಂದಲೇ ಎಲ್ಲವನ್ನೂ ಹೇಳಬೇಕು. ಹೇಳಲು ಶುರುಮಾಡಿದರೆ ನಿಲ್ಲಿಸುವವರಿಲ್ಲ. ಆಲಾಪನೆ ಹದಕ್ಕೆ ಬರುವ ಹೊತ್ತಿಗೆ ‘ನ್ಯೂಜೆರ್ಸಿಯಿಂದ ನಮಸ್ಕಾರ’, ‘ಪಿಟೀಲು ಕೇಳ್ತಿಲ್ಲ’, ‘ಸೀರೆ ಎಲ್ಲಿ ತಗೊಂಡ್ರಿ?’ ಹಿಂದೆ ಪಕ್ಕದವರ ಕಿವಿಯಲ್ಲಿ ಪಿಸುಗುಟ್ಟಿ ಮುಗಿಯುತ್ತಿದ್ದ ‘ಇದು ದರ್ಬಾರೋ, ನಾಯಕಿಯೋ’ ಎಂಬ ರಾಗದ ಅನುಮಾನ ಈಗ ಹಾಡುವವರ ಕಣ್ಣೆದುರೇ ವ್ಯಾಜ್ಯವಾಗಿ ಬೆಳೆಯುತ್ತದೆ.

ಮೃದಂಗದವರ ಸರದಿಯಾದ ತನಿ ಆವರ್ತನಕ್ಕೆ ಅರ್ಧ ಸಭೆ ಕ್ಯಾಂಟೀನಿಗೆ ಏಳುವುದು ಹಳೆಯ ಸಂಪ್ರದಾಯ. ಮೃದಂಗದವರು ಕಣ್ಣು ಮುಚ್ಚಿಕೊಂಡರೆ ಮಾನ ಉಳಿಯುತ್ತಿತ್ತು. ಫೇಸ್‌ಬುಕ್ ಲೈವ್‌ನಲ್ಲಿ ಎಷ್ಟು ಜನ ನೋಡುತ್ತಿದ್ದಾರೆಂಬ ಅಂಕಿ ಮೂಲೆಯಲ್ಲೇ ಇರುತ್ತದೆ. ತನಿ ಶುರುವಾದೊಡನೆ ಇಳಿಯುತ್ತದೆ, ಕೋರ್ವೆ ಮುಗಿದು ಹಾಡು ಮತ್ತೆ ಎತ್ತಿಕೊಂಡಾಗ ಏರುತ್ತದೆ. ಅಡುಗೆಮನೆಯಿಂದ ಕಾಫಿ ಲೋಟ ಹಿಡಿದು ಮರಳಿದ ರಸಿಕರೊಬ್ಬರು ಟೈಪಿಸುತ್ತಾರೆ: ‘ತನಿ ಅದ್ಭುತ!’