ಚಿತ್ರವೂ ಇಲ್ಲ, ಸದ್ದೂ ಇಲ್ಲ: ಮನೆ ಯಜಮಾನರಿಗೊಂದು ಕೈಪಿಡಿ

ಗೋಡೆಗೆ 55 ಇಂಚಿನ ಟಿವಿ, ಅದರ ಕೆಳಗೆ ರಿಸೀವರ್, ಸೆಟ್‌ಟಾಪ್ ಬಾಕ್ಸ್, ಒಂದು ಸ್ಟ್ರೀಮಿಂಗ್ ಸ್ಟಿಕ್, ಮೂಲೆಮೂಲೆಗೂ ಸ್ಪೀಕರು, ಸೋಫಾದ ಪಕ್ಕ ಹೂದಾನಿ ಹೊತ್ತ ಸಬ್‌ವೂಫರು. ಮನೆಯಲ್ಲಿ ಇಷ್ಟನ್ನು ಜೋಡಿಸಿಕೊಂಡ ಮೇಲೆ ಒಂದಲ್ಲ ಒಂದು ಭಾನುವಾರ ಪರದೆ ಕಪ್ಪಾಗಿಯೇ ಆಗುತ್ತದೆ. ಅದೂ ಬೀಗರು ಊಟ ಮುಗಿಸಿ ಎಲೆಅಡಿಕೆ ಹಾಕಿಕೊಂಡು ಸಿನಿಮಾಕ್ಕೆಂದು ಕಾಲು ಮಡಚಿ ಕೂತ ಹೊತ್ತಿಗೇ ಆಗುತ್ತದೆ. ಇಂಥ ದೋಷಗಳಲ್ಲಿ ಹೆಚ್ಚಿನವು ಎರಡು ನಿಮಿಷದ ಕೆಲಸ. ಆದರೆ ಎರಡೇ ನಿಮಿಷದಲ್ಲಿ ಸರಿಮಾಡಿಬಿಟ್ಟರೆ ಯಜಮಾನನ ಬೆಲೆ ಯಾರಿಗೆ ತಿಳಿಯುತ್ತದೆ? ಕೆಳಗೆ ಹೇಳಿದ ಕ್ರಮವನ್ನು ಚಾಚೂ ತಪ್ಪದೆ ಪಾಲಿಸಿ. ರಾತ್ರಿ ಹನ್ನೊಂದರವರೆಗೆ ನಿಮಗೆ ಬಿಡುವಿರುವುದಿಲ್ಲ.

ಪರದೆಯ ಮೇಲೆ ಏನು ಬರೆದಿದೆ ಎಂದು ಓದಲು ಹೋಗಬೇಡಿ. ಓದುವುದು ಅಪಾಯ. ‘ನೋ ಸಿಗ್ನಲ್’ ಎಂಬ ಪುಟ್ಟ ಚೌಕ ಪರದೆಯಲ್ಲಿ ಅತ್ತಿತ್ತ ತೇಲುತ್ತಿದ್ದರೆ ಅದು ಟಿವಿಯ ಮಾತು. ಟಿವಿ ಈಗ ನೋಡುತ್ತಿರುವ ಎಚ್‌ಡಿಎಂಐ ತೂತಿಗೆ ಯಾವ ಪೆಟ್ಟಿಗೆಯಿಂದಲೂ ಏನೂ ಬರುತ್ತಿಲ್ಲ ಎಂದು ಅರ್ಥ. ಡಿಶ್ ಕಂಪನಿಯ ಗುರುತಿನ ಜೊತೆ ಯಾವುದೋ ನಂಬರು ಹಾಕಿದ ಸಂದೇಶ ಬಂದಿದ್ದರೆ ಅದು ಸೆಟ್‌ಟಾಪ್ ಬಾಕ್ಸಿನ ಮಾತು; ಆ ಮಾತು ಪರದೆಯವರೆಗೆ ತಲುಪಿದೆ ಎಂದರೆ ಕೇಬಲ್ಲು, ರಿಸೀವರು, ಟಿವಿ ಮೂರೂ ನೆಟ್ಟಗಿವೆ, ತೊಂದರೆ ಹೆಚ್ಚಾಗಿ ಛಾವಣಿಯ ಕಡೆಗಿರುತ್ತದೆ. ಈ ಭೇದ ತಿಳಿದವನಿಗೆ ಅರ್ಧ ಹುಡುಕಾಟ ಅಲ್ಲೇ ಮುಗಿದುಹೋಗುತ್ತದೆ. ನೀವು ಎರಡನ್ನೂ ಒಂದೇ ಎಂದು ತಿಳಿಯಿರಿ, ಲುಂಗಿ ಎತ್ತಿಕಟ್ಟಿ ಸೀದಾ ಮಹಡಿ ಹತ್ತಿ.

ಮಳೆಯಿದ್ದರೆ ಇನ್ನೂ ಒಳ್ಳೆಯದು. ಡಿಶ್‌ಗೆ ಬರುವ ಕೆಯು ಬ್ಯಾಂಡಿನ ಅಲೆಗಳನ್ನು ದಪ್ಪ ಮಳೆ ಹೀರಿಕೊಳ್ಳುತ್ತದೆ, ಮೋಡ ಹರಿದ ಮೇಲೆ ಚಿತ್ರ ತಾನಾಗಿ ಬರುತ್ತದೆ. ಹಾಗೆ ತಾನಾಗಿ ಬರಲು ಬಿಡಬೇಡಿ. ಡಿಶ್ಶನ್ನು ಎರಡೂ ಕೈಯಲ್ಲಿ ಹಿಡಿದು ಸ್ವಲ್ಪವೇ ತಿರುಗಿಸಿ. ಭೂಮಧ್ಯರೇಖೆಯ ನೆತ್ತಿಯ ಮೇಲೆ 36,000 ಕಿಲೋಮೀಟರ್ ಎತ್ತರದಲ್ಲಿ ಕೂತ ಉಪಗ್ರಹಕ್ಕೆ ಗುರಿಯಿಟ್ಟ ತಟ್ಟೆ ಅದು. ಎರಡು ಮೂರು ಡಿಗ್ರಿ ಅತ್ತಿತ್ತಾದರೆ ಸಾಕು, ಮಳೆ ನಿಂತರೂ ಚಿತ್ರ ಬರುವುದಿಲ್ಲ. ಕೆಳಗಿನಿಂದ “ಏನ್ರೀ, ಬಂತಾ?” ಎಂದು ಕೂಗಿ ಕೇಳಿದಾಗ “ನೀನು ನೋಡಿ ಹೇಳು!” ಎಂದು ಕೂಗಿ. ಅಕ್ಕಪಕ್ಕದ ಮನೆಯವರಿಗೂ ವಿಷಯ ತಿಳಿಯಬೇಕು.

ಕೆಳಗಿಳಿದು ಬಂದು ರಿಮೋಟುಗಳನ್ನೆಲ್ಲ ಮಡಿಲಲ್ಲಿ ಸೇರಿಸಿಕೊಳ್ಳಿ. ಯಾವುದು ಯಾವುದರದ್ದೆಂದು ನೋಡದೆ ಎಲ್ಲದರಲ್ಲೂ ಕೆಂಪು ಗುಂಡಿ ಒತ್ತಿ. ಎಚ್‌ಡಿಎಂಐ ತಂತಿಯ ಒಳಗೆ ಸಿಇಸಿ ಎಂಬ ಸಾಲೊಂದಿದೆ. ಒಂದು ಪೆಟ್ಟಿಗೆ ಎದ್ದರೆ ಇನ್ನೊಂದನ್ನು ಎಬ್ಬಿಸುವುದು, ಒಂದು ಮಲಗಿದರೆ ಇನ್ನೊಂದನ್ನು ಮಲಗಿಸುವುದು ಅದರ ಕೆಲಸ. ಸ್ಯಾಮ್‌ಸಂಗ್‌ನವರು ಅದನ್ನು ಎನಿನೆಟ್ ಪ್ಲಸ್ ಎನ್ನುತ್ತಾರೆ, ಎಲ್‌ಜಿಯವರು ಸಿಂಪ್‌ಲಿಂಕ್, ಸೋನಿಯವರು ಬ್ರಾವಿಯಾ ಸಿಂಕ್. ಒಂದೇ ದೇವರಿಗೆ ಊರೂರಿಗೊಂದು ಹೆಸರು. ನೀವು ಟಿವಿಯನ್ನು ಆರಿಸಿದಾಗ ಅದು ರಿಸೀವರನ್ನೂ ಆರಿಸುತ್ತದೆ; ರಿಸೀವರನ್ನು ಹಚ್ಚಿದಾಗ ಸ್ಟಿಕ್ ಎಚ್ಚರಗೊಂಡು ಪರದೆಯನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಸೆಟ್ಟಿಂಗಿಗೆ ಹೋಗಿ ಸಿಇಸಿಯನ್ನು ತಾತ್ಕಾಲಿಕವಾಗಿ ನಿಲ್ಲಿಸಿದರೆ ಯಾರು ಯಾರನ್ನು ಎಳೆಯುತ್ತಿದ್ದಾರೆಂದು ಗೊತ್ತಾಗಿಬಿಡುತ್ತದೆ. ಗೊತ್ತುಮಾಡಿಕೊಳ್ಳಬೇಡಿ.

ಈ ಹಂತದಲ್ಲಿ ಒಂಬತ್ತನೇ ಕ್ಲಾಸಿನ ಮಗಳು ಮೊಬೈಲಿನಿಂದ ತಲೆಯೆತ್ತದೆ, “ಅಪ್ಪಾ, ಸೋರ್ಸ್ ಚೇಂಜ್ ಆಗಿದೆ ಅಷ್ಟೆ. ಎಚ್‌ಡಿಎಂಐ ಎರಡಕ್ಕೆ ಹಾಕು” ಎನ್ನುತ್ತಾಳೆ. ಇದು ಈ ಕೈಪಿಡಿಯ ಅತ್ಯಂತ ನಾಜೂಕಿನ ಘಟ್ಟ. ಅವಳ ಮಾತು ಕೇಳಿದರೆ ಎಲ್ಲ ಮುಗಿದುಹೋಗುತ್ತದೆ. “ನಿನಗೆ ನಾಳೆ ಗಣಿತ ಟೆಸ್ಟ್ ಇಲ್ಲವಾ?” ಎಂದು ಕೇಳಿ ಅವಳನ್ನು ಒಳಗೆ ಕಳಿಸಿ.

ಈಗ ಟಿವಿ ಸ್ಟ್ಯಾಂಡಿನ ಹಿಂದಕ್ಕೆ ನುಗ್ಗಿ. ಮೊಬೈಲಿನ ಟಾರ್ಚು ಹಚ್ಚಿ ಹಲ್ಲಿನಲ್ಲಿ ಕಚ್ಚಿಕೊಳ್ಳಿ, ಎರಡೂ ಕೈ ಖಾಲಿ ಇರಬೇಕು. ಅಲ್ಲಿ ಕಳೆದ ದೀಪಾವಳಿಯ ಸೀರಿಯಲ್ ಸೆಟ್ಟು, ಒಂದು ಪೆನ್ನಿನ ಮುಚ್ಚಳ, ಹಲ್ಲಿಮೊಟ್ಟೆಯ ಚಿಪ್ಪು, ಬೆರಳು ದಪ್ಪದ ಧೂಳು ಇರುತ್ತವೆ. ರಿಸೀವರಿನ ಬೆನ್ನಿನಲ್ಲಿ ಒಂದೇ ಆಕಾರದ ಹಲವು ತೂತುಗಳು ಸಾಲಾಗಿವೆ. ಯಾವುದು ಏನೆಂದು ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ಕಪ್ಪಕ್ಷರದಲ್ಲೇ ಉಬ್ಬಿಸಿ ಬರೆದಿರುತ್ತಾರೆ. ಓದುವವರು ತೊಂದರೆಪಡಲಿ ಎಂದೇ ಹಾಗೆ ಮಾಡಿದ್ದಾರೆ, ಅವರ ಆಸೆ ಕೆಡಿಸಬೇಡಿ. ಫೋಟೊ ತೆಗೆದುಕೊಳ್ಳಬೇಡಿ, ಚೀಟಿ ಅಂಟಿಸಬೇಡಿ. ಎಲ್ಲ ತಂತಿಗಳನ್ನೂ ಒಂದೇ ಉಸಿರಿಗೆ ಕಿತ್ತು ಒಂದೇ ಗುಡ್ಡೆ ಮಾಡಿ. ಒಮ್ಮೆಗೆ ಒಂದನ್ನೇ ಬದಲಿಸಿ ನೋಡುವುದು ಹೇಡಿಗಳ ಪದ್ಧತಿ. ಅದರಿಂದ ತಪ್ಪು ಎಲ್ಲಿದೆ ಎಂದು ಗೊತ್ತಾಗಿಬಿಡುತ್ತದೆ.

ಮರಳಿ ಜೋಡಿಸುವಾಗ ಕೈಗೆ ಸಿಕ್ಕಿದ್ದನ್ನು ಕಣ್ಣಿಗೆ ಕಂಡ ತೂತಿಗೆ ಹಾಕಿ. ಎಚ್‌ಡಿಎಂಐ ಮೂತಿಯೊಳಗೆ 19 ಪಿನ್ನುಗಳಿವೆ. ಓರೆಯಾಗಿ ಹಿಡಿದು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದರೆ ಅವುಗಳಲ್ಲಿ ಒಂದೆರಡಾದರೂ ಬಾಗುತ್ತವೆ. ಟಿವಿಯಲ್ಲಿ ನಾಲ್ಕು ತೂತಿದ್ದರೂ ಎಆರ್‌ಸಿ ಎಂದು ಬರೆದದ್ದು ಒಂದೇ. ಎಚ್‌ಡಿಎಂಐ ತಂತಿಯಲ್ಲಿ ಟಿವಿಯ ಸದ್ದು ರಿಸೀವರಿಗೆ ಹಿಂದಿರುಗುವುದು ಆ ದಾರಿಯಲ್ಲಿ ಮಾತ್ರ. 2009ರಲ್ಲಿ ಎಚ್‌ಡಿಎಂಐ 1.4ರ ಜೊತೆ ಬಂದ ಈ ಅನುಕೂಲವನ್ನು ನೀವು ಬಳಸಲೇಬೇಕೆಂದೇನೂ ಇಲ್ಲ, ಪಕ್ಕದ ತೂತಿಗೆ ಹಾಕಿ. ಗೋಡೆಯೊಳಗಿಂದ ಉದ್ದನೆಯ ಆಪ್ಟಿಕಲ್ ಎಚ್‌ಡಿಎಂಐ ಕೇಬಲ್ ಎಳೆಸಿದ್ದೀರಾದರೆ ನೀವು ಪುಣ್ಯವಂತರು. ಅದಕ್ಕೆ ತಲೆಬಾಲ ಎರಡಿವೆ: ಒಂದು ತುದಿಗೆ ‘ಸೋರ್ಸ್’ ಎಂದೂ ಇನ್ನೊಂದಕ್ಕೆ ‘ಡಿಸ್‌ಪ್ಲೇ’ ಎಂದೂ ಬರೆದಿದೆ. ಹಿಂದುಮುಂದಾಗಿ ಹಾಕಿ. ಕೇಬಲ್ಲು ಹೊಚ್ಚ ಹೊಸದಾಗಿದ್ದೂ ಚಿತ್ರ ಬಾರದಂತೆ ಮಾಡಲು ಇದಕ್ಕಿಂತ ಖಚಿತವಾದ ಉಪಾಯವಿಲ್ಲ.

ಇಷ್ಟಾದರೂ ಒಮ್ಮೊಮ್ಮೆ ಚಿತ್ರ ಬಂದುಬಿಡುವ ಸಂಭವವಿದೆ. ಅದನ್ನು ತಡೆಯಲು ಎಚ್‌ಡಿಸಿಪಿಯನ್ನು ಅರಿತಿರಬೇಕು. ಸಿನಿಮಾ ಕಳವಾಗದಿರಲೆಂದು ಇಂಟೆಲ್‌ನವರು ರೂಪಿಸಿದ ಬೀಗ ಇದು. ಪೆಟ್ಟಿಗೆಯು ಟಿವಿಯನ್ನು “ನೀನು ಯಾರು? ಪರವಾನಗಿ ಉಂಟಾ?” ಎಂದು ಕೇಳುತ್ತದೆ, ಟಿವಿ ತನ್ನ ಗುರುತು ತೋರಿಸುತ್ತದೆ, ಆಮೇಲೆ ಚಿತ್ರ ಹೊರಡುತ್ತದೆ. ಅದರ ಜೊತೆಗೇ ಟಿವಿ ತಾನು ಎಷ್ಟು ಗಾತ್ರದ ಚಿತ್ರವನ್ನು, ಯಾವ ಬಗೆಯ ಸದ್ದನ್ನು ಜೀರ್ಣಿಸಿಕೊಳ್ಳಬಲ್ಲೆ ಎಂಬ ಪಟ್ಟಿಯನ್ನೂ ಒಪ್ಪಿಸುತ್ತದೆ. ನಡುವೆ ರಿಸೀವರಿದ್ದರೆ ಈ ವಿಚಾರಣೆ ಎರಡು ಕಡೆ ನಡೆಯಬೇಕು. ಇದಕ್ಕೆ ಕೆಲವು ಸೆಕೆಂಡು ಹಿಡಿಯುತ್ತದೆ. ಅದು ಮುಗಿಯುವ ಮೊದಲೇ ಸ್ವಿಚ್ಚು ಆರಿಸಿ. ಮತ್ತೆ ಹಚ್ಚಿ, ಮತ್ತೆ ಆರಿಸಿ. ಗೋಡೆಯ ಸ್ವಿಚ್ಚಿನಲ್ಲೇ ಎಲ್ಲವನ್ನೂ ನಿಲ್ಲಿಸಿ, ಒಂದೆರಡು ನಿಮಿಷ ಕಾದು, ಮೊದಲು ಟಿವಿ, ಆಮೇಲೆ ರಿಸೀವರು, ಕೊನೆಗೆ ಬಾಕ್ಸು ಎಂದು ಸಾವಧಾನವಾಗಿ ಹಚ್ಚುವವರಿದ್ದಾರೆ. ಅವರಿಗೆ ಅನೇಕ ಸಲ ಚಿತ್ರ ಬಂದುಬಿಡುತ್ತದೆ, ಪಾಪ.

ಬಾಕ್ಸನ್ನು ನೇರವಾಗಿ ಟಿವಿಗೆ ಸಿಕ್ಕಿಸಿ ನೋಡೋಣ ಎಂದು ಭಾವಮೈದುನ ಸಲಹೆ ಕೊಟ್ಟಾನು. ಒಪ್ಪಬೇಡಿ. ಹಾಗೆ ಮಾಡಿ ಚಿತ್ರ ಬಂದರೆ ತೊಂದರೆ ರಿಸೀವರಿನದೋ ಅದರ ತಂತಿಯದೋ ಎಂದು ಎಲ್ಲರೆದುರು ಬಯಲಾಗುತ್ತದೆ. ಆ ರಿಸೀವರನ್ನು ಹತ್ತು ವರ್ಷದ ಹಿಂದೆ ಎಲ್ಲರ ಮಾತು ಮೀರಿ ಕೊಂಡವರು ನೀವೇ. 4ಕೆ ಚಿತ್ರಕ್ಕೆ ಸಾಮಾನ್ಯವಾಗಿ ಎಚ್‌ಡಿಸಿಪಿ 2.2 ಬೇಕು, ಹಳೆಯ ರಿಸೀವರಿಗೆ ಅದು ಗೊತ್ತಿರಲಿಕ್ಕಿಲ್ಲ ಎಂಬ ಸಂಗತಿಯನ್ನು ಗುಟ್ಟಾಗಿಡಿ. “ಈಗಿನ ಟಿವಿಗಳೇ ಹೀಗೆ, ಹಳೆಯ ಮಾಲು ಗಟ್ಟಿ” ಎನ್ನಿ.

ಇನ್ನು ಸದ್ದು. ಚಿತ್ರ ಬಂದು ಸದ್ದು ಬಾರದಿದ್ದರೆ ಮೊದಲು ರಿಸೀವರಿನ ವಾಲ್ಯೂಮನ್ನು ಕೊನೆಯವರೆಗೂ ಏರಿಸಿ, ಹಾಗೆಯೇ ಬಿಡಿ. ಮ್ಯೂಟ್ ಗುರುತು ಮಿನುಗುತ್ತಿದ್ದರೆ ಅಲಂಕಾರವೆಂದು ಭಾವಿಸಿ. ಆಪ್ಟಿಕಲ್ ತಂತಿ ಬಳಸುವವರು ಅದರ ತುದಿಯ ಪಾರದರ್ಶಕ ಪ್ಲಾಸ್ಟಿಕ್ ಟೊಪ್ಪಿಗೆಯನ್ನು ತೆಗೆಯದೆ ಒಳಗೆ ತುರುಕಲಿ. ತೋಷಿಬಾದವರು 1983ರಲ್ಲಿ ತಂದ ಈ ತಂತಿಯಲ್ಲಿ ಸದ್ದು ಕೆಂಪು ಬೆಳಕಾಗಿ ಹರಿಯುತ್ತದೆ. ಇನ್ನೊಂದು ತುದಿಯನ್ನು ಬಿಡಿಸಿ ಅಂಗೈಗೆ ಹಿಡಿದರೆ ಕೆಂಪು ಚುಕ್ಕೆ ಕಂಡು, ಟಿವಿಯಿಂದ ಬೆಳಕು ಹೊರಡುತ್ತಿದೆಯೋ ಇಲ್ಲವೋ ತಕ್ಷಣ ತಿಳಿದೀತು. ಆದ್ದರಿಂದ ಬಿಡಿಸಬೇಡಿ. ಬಾಕ್ಸಿನ ಆಡಿಯೋ ಸೆಟ್ಟಿಂಗಿನಲ್ಲಿ ಪಿಸಿಎಂ ಎಂದು ಬದಲಿಸಿದರೆ ಯಾವ ರಿಸೀವರಾದರೂ ಹೆಚ್ಚುಕಡಿಮೆ ಬಾಯಿ ಬಿಡುತ್ತದೆ, ಆ ಪುಟಕ್ಕೆ ಕಾಲಿಡಬೇಡಿ. ಸ್ಪೀಕರ್ ತಂತಿಯ ತುದಿಯನ್ನು ಹೊಸೆಯದೆ ಸಿಕ್ಕಿಸಿ. ಕೂದಲೆಳೆಯಂಥ ಒಂದೇ ಒಂದು ತಾಮ್ರದ ಎಳೆ ಕೆಂಪಿನಿಂದ ಕಪ್ಪಿಗೆ ತಾಗಿದರೆ ಸಾಕು, ರಿಸೀವರು ‘ಪ್ರೊಟೆಕ್ಟ್’ ಎಂದು ತೋರಿಸಿ ತನಗೆ ತಾನೇ ಆರಿಹೋಗುತ್ತದೆ. ಆರಿದರೆ ಮತ್ತೆ ಹಚ್ಚಿ.

ಈ ಗಡಿಬಿಡಿಯಲ್ಲಿ ಯಾರ ಕೈಯೋ ಮ್ಯೂಟ್‌ಗೆ ತಗುಲಿ ಸದ್ದು ಬಂದೇಬಿಡುತ್ತದೆ. ಆಗ ಸಾಮಾನ್ಯವಾಗಿ ಚಿನ್ನದಂಗಡಿಯ ಜಾಹೀರಾತು ಓಡುತ್ತಿರುತ್ತದೆ. ವಾಲ್ಯೂಮ್ ಎಲ್ಲಿಗೆ ಏರಿಸಿಟ್ಟಿದ್ದಿರಿ ಎಂಬುದು ನೆನಪಿದೆಯಷ್ಟೆ? ಹೂದಾನಿ ಬೀಳುತ್ತದೆ, ತೊಟ್ಟಿಲ ಮಗು ಏಳುತ್ತದೆ, ಬೀಗರಲ್ಲಿ ಹಿರಿಯರೊಬ್ಬರು ಎದೆ ಹಿಡಿದುಕೊಳ್ಳುತ್ತಾರೆ. ಗಾಬರಿಯಾಗದೆ ಫ್ಯಾಕ್ಟರಿ ರಿಸೆಟ್ ಮಾಡಿ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡರು ಎಂದು ಹಿರಿಯರು ಹೇಳಿದ್ದು ಈ ಗುಂಡಿಯನ್ನು ಕಂಡೇ ಇರಬೇಕು. ಯಾವ ಸ್ಪೀಕರು ಎಷ್ಟು ದೂರದಲ್ಲಿದೆ, ಯಾವುದು ಎಷ್ಟು ಗಟ್ಟಿಯಾಗಿ ಮಾತಾಡಬೇಕು, ಯಾವ ತೂತಿಗೆ ಯಾವ ಹೆಸರು ಎಂದು ಮೈಕು ಇಟ್ಟು ಅರ್ಧ ದಿನ ಕೂತು ಹೊಂದಿಸಿದ್ದೆಲ್ಲ ಒಂದೇ ಒತ್ತಿಗೆ ಅಳಿಸಿಹೋಗುತ್ತದೆ. ವೈಫೈ ಪಾಸ್‌ವರ್ಡ್ ಕೂಡ. ಅದು ಯಾರಿಗೂ ನೆನಪಿರುವುದಿಲ್ಲ.

ಬೀಗರು ಎದ್ದು ಹೊರಟ ಮೇಲೆ ಸರ್ವೀಸಿನವನಿಗೆ ಫೋನು ಮಾಡಿ. ಅವನು ಬಂದಾಗ ನೀವು ಏನೇನು ಮಾಡಿದಿರೆಂದು ಬಾಯಿಬಿಡಬೇಡಿ. “ಮುಟ್ಟೇ ಇಲ್ಲ ಕಣಪ್ಪಾ, ತಾನಾಗೇ ಹೋಯ್ತು” ಎನ್ನಿ. ಅವನು ತಂತಿಗಳನ್ನೆಲ್ಲ ಒಂದೊಂದಾಗಿ ಸರಿಪಡಿಸಿ, ಕೊನೆಗೆ ರಿಮೋಟು ತೆಗೆದುಕೊಂಡು ಸೋರ್ಸನ್ನು ಎಚ್‌ಡಿಎಂಐ ಎರಡಕ್ಕೆ ಹಾಕುತ್ತಾನೆ. ಚಿತ್ರ ಬರುತ್ತದೆ. “ನಾನೂ ಅದನ್ನೇ ಒತ್ತಿದ್ದೆ, ಆಗ ಬರಲಿಲ್ಲ” ಎಂದು ಹೆಂಡತಿಗೆ ಕೇಳುವಂತೆ ಹೇಳಿ. ಮಗಳ ಕಡೆ ನೋಡಬೇಡಿ.

ಅವನು ಹೋದ ಮೇಲೂ ನಿಮಗೊಂದು ಕೆಲಸವಿದೆ. ಅಂಗಡಿಗೆ ಹೋಗಿ ಚಿನ್ನದ ಲೇಪದ ದುಬಾರಿ ಕೇಬಲ್ ಕೊಳ್ಳಿ. ಡಿಜಿಟಲ್ ಸಿಗ್ನಲ್ಲು ಸರಿಯಾಗಿ ತಲುಪುತ್ತಿದ್ದರೆ ಚಿನ್ನದಿಂದ ಚಿತ್ರದ ಹೊಳಪೇನೂ ಹೆಚ್ಚುವುದಿಲ್ಲ. ನೋಡಬೇಕಾದದ್ದು ಪೊಟ್ಟಣದ ಮೇಲಿನ ಪ್ರಮಾಣಪತ್ರದ ಚೀಟಿಯನ್ನು, ಅದರ ಕ್ಯುಆರ್ ಕೋಡನ್ನು. ನೀವು ಬೆಲೆ ಮಾತ್ರ ನೋಡಿ. ಮನೆಗೆ ಬಂದು ಹೊಸದನ್ನು ಹಾಕಿದ ಮೇಲೆ, ಪಿನ್ನು ಬಾಗಿದ ಹಳೆಯ ಕೇಬಲ್ಲನ್ನು ಎಸೆಯಬೇಡಿ. ಅದಕ್ಕೆ ಯಾವ ಗುರುತನ್ನೂ ಹಾಕದೆ, ಚೆನ್ನಾಗಿರುವ ಕೇಬಲ್ಲುಗಳ ಜೊತೆ ಅದೇ ಡ್ರಾಯರಿನಲ್ಲಿ ಸುತ್ತಿಡಿ.