ಎಡಗಡೆ ಅರ್ಧ ಕಾಣವಲ್ದು

ಹೆಗಲಿಗೊಂದು ಚೀಲ ಹಾಕಿಕೊಂಡು, ನೆಲ ನೋಡುತ್ತ ಕಪ್ಪತಗುಡ್ಡದ ಕಡೆಯಿಂದ ಬರುವವನನ್ನು ಗದಗ ಸೀಮೆಯಲ್ಲಿ ಯಾರೂ "ಆರಾಮ ಅದೀರೇನ್ರಿ?" ಎಂದು ಕೇಳುವುದಿಲ್ಲ. "ಬಂಗಾರ ಸಿಕ್ತೇನ್ರಿ?" ಎನ್ನುತ್ತಾರೆ. ಕೇಳುವವರದೇನೂ ತಪ್ಪಿಲ್ಲ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಡಂಬಳದ ಗುಡ್ಡಗಳ ಬಂಗಾರದ ಬಗ್ಗೆ 1874ರಲ್ಲೇ ಬರೆದಿಟ್ಟು ಹೋಗಿದ್ದಾನೆ. ಹಳ್ಳದ ಉಸುಕು ತೊಳೆದು ಚಿನ್ನ ಹೆಕ್ಕುವ ಜಾಲಗಾರರು ಅವನಿಗಿಂತ ಮೊದಲೇ ಇದ್ದರು. ಆದರೆ ಬೆಟಗೇರಿಯ ನಿವೃತ್ತ ಗುಮಾಸ್ತ ರಾಯರು ಹುಡುಕುವುದು ಕಲ್ಲಾದ ಕಪ್ಪೆಚಿಪ್ಪನ್ನು. ಹಾಗೆಂದು ಖರೆ ಹೇಳಿದರೆ, ಕೇಳಿದವನು ಪಕ್ಕದವನ ಕಿವಿಯಲ್ಲಿ, "ಸಿಕ್ಕೈತಿ, ಹೇಳವಲ್ಲ" ಎನ್ನುತ್ತಾನೆ.

ತೊಡಕೆಂದರೆ ಕಪ್ಪತಗುಡ್ಡದಲ್ಲಿ ಚಿಪ್ಪು ಸಿಗುವುದೇ ಇಲ್ಲ. ಸಮುದ್ರವೇನೋ ಇತ್ತು. ನೀರಿನಡಿ ಕೆಸರು, ಉಸುಕು ಜಾರಿ ಬಂದು ಕೂತದ್ದೇ ಇಲ್ಲಿಯ ಗ್ರೇವ್ಯಾಕ್ ಕಲ್ಲು. ಕಬ್ಬಿಣದ ಪಟ್ಟೆಗಲ್ಲೂ ನೀರಿನ ಸಂತಾನವೇ. ಆದರೆ ಇವಕ್ಕೆಲ್ಲ 250 ಕೋಟಿ ವರ್ಷ ದಾಟಿದೆ. ಮೈಮೇಲೆ ಚಿಪ್ಪು ಕಟ್ಟಿಕೊಳ್ಳುವ ಪ್ರಾಣಿಗಳು ಬಂದದ್ದು ಸುಮಾರು 55 ಕೋಟಿ ವರ್ಷಗಳ ಹಿಂದೆ. ಕೂಸು ಹುಟ್ಟುವ 200 ಕೋಟಿ ವರ್ಷ ಮೊದಲೇ ಹೊಲಿದಿಟ್ಟ ಕುಲಾವಿ ಇದು.

ರಾಯರಿಗೆ ಇದೆಲ್ಲ ಬಾಯಿಪಾಠ. ಆದರೂ ಗುಡ್ಡದ ಕಡೆಯ ಬಸ್ಸು ಹತ್ತುತ್ತಾರೆ. ಭೂವಿಜ್ಞಾನ ಇರುವುದು ಪುಸ್ತಕದಲ್ಲಿ, ಗುಡ್ಡ ಇರುವುದು ಡೋಣಿಯ ಹತ್ತಿರ ಎಂಬುದು ಅವರ ವಾದ. 2019ರಲ್ಲಿ ಗುಡ್ಡ ವನ್ಯಜೀವಿಧಾಮವಾದ ಮೇಲೆ ಅವರ ಸುತ್ತಿಗೆ ಮನೆಯಲ್ಲಿ ಟೆಂಗಿನಕಾಯಿ ಒಡೆಯುತ್ತಿದೆ. ಭೂತಗನ್ನಡಿ ಮಾತ್ರ ಜೇಬು ಬಿಟ್ಟಿಲ್ಲ.

ಮುಂಡರಗಿಯ ಬೀಗರು ಒಮ್ಮೆ, ಪಡಸಾಲೆಯ ಶಹಾಬಾದ ಫರಸಿಯೊಳಗೆ ಜರೀಗಿಡ ಕಲ್ಲಾಗಿದೆಯೆಂದು ಕರೆಸಿದರು. ಅದು ಬಿರುಕಿನಲ್ಲಿ ಇಳಿದ ಮ್ಯಾಂಗನೀಸು ಬಿಡಿಸಿದ ಚಿತ್ತಾರ, ಗಿಡವಲ್ಲ ಎಂದರು ರಾಯರು. ಚಹಾಕ್ಕೆ ಸಕ್ಕರೆ ಕಡಿಮೆ ಬಿತ್ತು. ಗುರುಮಠಕಲ್ ಕಡೆ ದಖ್ಖನ್ ಲಾವಾದ ಪದರುಗಳ ನಡುವೆ ಕಲ್ಲಾದ ಶಂಖದಹುಳುಗಳಿವೆ ನಿಜ. ಅವು ಕೆರೆಯ ಸಿಹಿನೀರಿನವು. ರಾಯರಿಗೆ ಉಪ್ಪುನೀರೇ ಬೇಕು.

ಸಿಕ್ಕಿತು. ಗದಗಿನದೇ ಒಂದು ಕಲ್ಯಾಣ ಮಂಟಪದ ಮೆಟ್ಟಿಲಿನಲ್ಲಿ.

ಮೆಟ್ಟಿಲಿಗೆ ಹಾಕಿದ್ದು ಜೈಸಲ್ಮೇರಿನ ಹಳದಿ ಕಲ್ಲು, ಜುರಾಸಿಕ್ ಸಮುದ್ರದ ಸುಣ್ಣಕಲ್ಲು. ಅಕ್ಷತೆಗೆ ಹೊತ್ತಾಯಿತೆಂದು ಎಲ್ಲರೂ ಧಾವಿಸುತ್ತಿದ್ದಾಗ ರಾಯರಿಗೆ ಹಳದಿಯೊಳಗೊಂದು ಬಿಳಿ ಕಮಾನು ಕಂಡಿತು. ಕಲ್ಲು ಒದ್ದೆಯಾದರೆ ಗೆರೆ ಎದ್ದು ಕಾಣುತ್ತದೆ. ಬಾಗಿಲಲ್ಲಿ ಪನ್ನೀರು ಚಿಮುಕಿಸುತ್ತಿದ್ದ ಹುಡುಗಿಯ ಮುಂದೆ ಕರವಸ್ತ್ರ ಹಿಡಿದು ತೋಯಿಸಿಕೊಂಡು ಬಂದರು. ಮೊದಲು ಕೂತರು, ಆಮೇಲೆ ಮೊಣಕಾಲೂರಿದರು, ಭೂತಗನ್ನಡಿಗೆ ಬೆಳಕು ಸಾಲದೆ ಕೊನೆಗೆ ಉದ್ದಕ್ಕೆ ಮಲಗಿದರು. ಈ ಮನೆತನದಲ್ಲಿ ಹೊಸ್ತಿಲಿಗೆ ಸಾಷ್ಟಾಂಗ ಹಾಕುವ ಪದ್ಧತಿ ಇರಬೇಕೆಂದು ಹಿಂದಿದ್ದ ಹಿರಿಯರೊಬ್ಬರು ಶಲ್ಯ ಸೊಂಟಕ್ಕೆ ಸುತ್ತಿ ತಾವೂ ಮಲಗಿದರು. ಅಜ್ಜಿಯೊಬ್ಬಳು ಇಬ್ಬರ ಮೇಲೂ ಅಕ್ಕಿಕಾಳು ಹಾಕಿದಳು. ಗಂಡಿನ ಕಡೆಯವರು ಮುನಿಸಿಕೊಂಡು ಅಡ್ಡ ಬಿದ್ದಿದ್ದಾರೆಂಬ ಸುದ್ದಿ ಒಳಗೆ ಹೋಗಿ, ಹೆಣ್ಣಿನ ತಂದೆ ಕೈಮುಗಿದುಕೊಂಡೇ ಓಡಿ ಬಂದರು.

"ಏನ್ ಕಮ್ಮಿ ಆತು, ಹೇಳ್ರಿ ಮಾರಾಯ್ರ!"

"ಎಡಗಡೆ ಅರ್ಧ ಕಾಣವಲ್ದು" ಎಂದರು ರಾಯರು, ತಲೆ ಎತ್ತದೆ.

ಎಡಗಡೆಯ ಪಂಕ್ತಿಗೆ ಶಿರಾ ಮುಟ್ಟಿಲ್ಲವೆಂದು ಅಡಿಗೆಯವರಿಗೆ ಬೈಗುಳ ಬಿತ್ತು. ಬಾಜಾ ಬಜಂತ್ರಿಯವರು ದಾಟಲಾಗದೆ ರಾಯರ ತಲೆಯ ಮೇಲೇ ಊದಿದರು. ಅಲ್ಲಿ, ಕೆಳಗೆ, ಕಲ್ಲು ಕೊಯ್ಯುವ ಯಂತ್ರ ಅಡ್ಡ ಸೀಳಿದ ಅಡಕೆಯಗಲದ ಚಿಪ್ಪು: ಒಂದಕ್ಕೊಂದು ಒರಗಿದ ಎರಡು ತೆಳು ಗೆರೆ, ನಡುವೆ ಹರಳುಗಟ್ಟಿದ ಸುಣ್ಣ. ಪ್ರಾಣಿ ಬಾಯಿ ಮುಚ್ಚಿಕೊಂಡೇ ಸತ್ತಿತ್ತು. ಎಡಗಡೆ ಅರ್ಧದ ಮೇಲಿದ್ದದ್ದು ರಾಯರ ಪತ್ನಿಯ ಪಾದ. ಅವರು ಅದನ್ನು ತೆಗೆಯಲೂ ಇಲ್ಲ, "ಏಳ್ರಿ" ಎಂಬುದಕ್ಕಿಂತ ಹೆಚ್ಚು ಮಾತಾಡಲೂ ಇಲ್ಲ.

ವಿಷಯ ತಿಳಿದ ಮಂಟಪದ ಮಾಲೀಕರು ಕೇಳಿದ್ದು, "ಇದಕ್ಕ ರೇಟ್ ಎಷ್ಟ್ ಬರ್ತೈತ್ರಿ?"

ಮುಂದೆ ರಾಯರು ತಮಿಳುನಾಡಿನ ಅರಿಯಲೂರಿಗೂ ಹೋದರು. ಅಲ್ಲಿಯ ಕ್ರಿಟೇಶಸ್ ಚಿಪ್ಪುಗಳನ್ನು ವರ್ಣಿಸಲು ಜೀವಾವಶೇಷತಜ್ಞ ಫರ್ಡಿನೆಂಡ್ ಸ್ಟೊಲಿಚ್ಕಾನಿಗೆ ಸಂಪುಟಗಳೇ ಬೇಕಾದವು. ಗರುಡಮಂಗಲದ ಚಿಪ್ಪುಗಲ್ಲು ತಿರುಚಿನಾಪಳ್ಳಿಯ ಅಮೃತಶಿಲೆ ಎಂಬ ಹೆಸರಿನಲ್ಲಿ ಹೊಳೆಯಿತು. ಈಗ ಆ ಸೀಮೆಯ ಸುಣ್ಣಕಲ್ಲು ಸಿಮೆಂಟ್ ಕಾರ್ಖಾನೆಗಳಿಗೆ ಹೋಗುತ್ತದೆ. ಲಾರಿಯ ಹಿಂದೆ ನಿಂತು ಧೂಳು ಕುಡಿದ ರಾಯರಿಗೆ ಸಿಟ್ಟು ನೆತ್ತಿಗೇರಿತು. ಕಪ್ಪತಗುಡ್ಡವನ್ನು ಉಳಿಸಲು ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳ ಜೊತೆ ಜನ ಬೀದಿಗಿಳಿದಿದ್ದರು. ಸತ್ತು ಕೋಟಿಗಟ್ಟಲೆ ವರ್ಷವಾದ ಸಿಂಪಿಗಾಗಿ ಯಾರು ಧರಣಿ ಕೂರುತ್ತಾರೆ? ಬೆಟಗೇರಿಯಲ್ಲಿ ತಾವು ಕಟ್ಟಿಸಿದ ಮಾಳಿಗೆಗೆ ಎಲ್ಲಿಯ ಸಿಮೆಂಟು ಬಿತ್ತೆಂದು ಅವರು ವಿಚಾರಿಸಿಲ್ಲ. ವಿಚಾರಿಸುವುದೂ ಇಲ್ಲ.

ಇಷ್ಟೆಲ್ಲ ಅಲೆದವರಿಗೆ ಒಳ್ಳೆಯ ಅಮೋನೈಟು ಇದ್ದದ್ದು ಲಕ್ಷ್ಮೇಶ್ವರದ ಕಾಕಾನ ದೇವರಮನೆಯಲ್ಲಿ ಎಂದು ಹೊಳೆದದ್ದು ತೀರ ಈಚೆಗೆ. ನೇಪಾಳದ ಗಂಡಕಿಯ ಸಾಲಿಗ್ರಾಮ! ಹಿಮಾಲಯ ಏಳುವ ಮೊದಲು ಅಲ್ಲಿದ್ದ ಟೆಥಿಸ್ ಸಮುದ್ರದ, ಸುಮಾರು 15 ಕೋಟಿ ವರ್ಷ ಹಿಂದಿನ ಸುರುಳಿಚಿಪ್ಪಿನ ಜೀವಿ. ಭೂತಗನ್ನಡಿ ಹಿಡಿದು ಬಂದವರನ್ನು ಕಾಕಾ ಮೊದಲು ಬಾವಿಗೆ ಅಟ್ಟಿದರು. ಒದ್ದೆ ಮಡಿಯಲ್ಲಿ ನಡುಗುತ್ತ, ಮುಟ್ಟದೆ, ಗೇಣುದೂರದಿಂದ ನೋಡುವ ಅಪ್ಪಣೆಯಾಯಿತು. ಈ ಚಕ್ರ ವಜ್ರಕೀಟ ಕೊರೆದದ್ದಲ್ಲ, ಕಡಲಪ್ರಾಣಿಯ ಚಿಪ್ಪಿನ ಅಚ್ಚು ಎಂದು ರಾಯರು ವಿವರಿಸಿದರು. ಕಾಕಾ ಗಂಟೆ ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡರು.

"ಪ್ರಾಣಿ ಅಂದ್ಮ್ಯಾಲೆ ಹಸಿವಿ ಇರ್ತದಲ್ಲೋ. ಹಂಗಾರ ನಾ ದಿನಾ ನೈವೇದ್ಯ ತೋರಿಸಿದ್ದು ಬರೋಬ್ಬರಿ ಆತು. ನೀ ಊಟಕ್ಕ ಏಳು."