ಟೆಸ್ಟರ್: ಲಕ್ಷಣ, ವೃತ್ತಿ ಮತ್ತು ಅಪವಾದ

ಸಾಫ್ಟ್‌ವೇರ್ ತಂಡದಲ್ಲಿ ಉಳಿದವರೆಲ್ಲ ಮುಗಿಯಿತೆಂದು ಸಾರಿದ ಕೆಲಸ ಮುಗಿದಿಲ್ಲವೆಂದು ಸಾಕ್ಷಿಸಮೇತ ಸಾಧಿಸುವವರೇ ಟೆಸ್ಟರ್. ದೋಷ ಹುಡುಕುವ ಉದ್ದೇಶದಿಂದಲೇ ಪ್ರೋಗ್ರಾಂ ಓಡಿಸುವುದು ಪರೀಕ್ಷೆ ಎಂದು ಗ್ಲೆನ್‌ಫೋರ್ಡ್ ಮೈಯರ್ಸ್ 1979ರ ತಮ್ಮ ಗ್ರಂಥದಲ್ಲಿ ಲಕ್ಷಣ ಹೇಳಿದ್ದಾರೆ. ಮ್ಯಾನೇಜರ್ ಸಂಪ್ರದಾಯದ ಭಾಷ್ಯಕಾರರು ಇದಕ್ಕೆ ಒಂದು ತಿದ್ದುಪಡಿ ಸೇರಿಸಿದ್ದಾರೆ: ದೋಷ ಹುಡುಕಬೇಕು, ರಿಲೀಸ್‌ನ ಹಿಂದಿನ ದಿನ ಸಿಗಬಾರದು.

ಸಾಕ್ಷಿಯ ಪರಂಪರೆ ಹಳೆಯದು. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್‌ನ ಮಾರ್ಕ್ 2 ಗಣಕದ ರಿಲೇಯಲ್ಲಿ ಸಿಕ್ಕಿಕೊಂಡ ಪತಂಗವನ್ನು ಅಲ್ಲಿನವರು ಲಾಗ್‌ಬುಕ್ಕಿಗೆ ಟೇಪ್ ಹಾಕಿ ಅಂಟಿಸಿಟ್ಟರು. ಪತಂಗ ಪುಣ್ಯ ಮಾಡಿತ್ತು. 'ನನ್ನ ಮಷೀನಲ್ಲಿ ಸರಿಯಾಗೇ ಇದೆ' ಎಂದು ಯಾರೂ ಅದನ್ನು ವಾಪಸ್ ಕಳಿಸಲಿಲ್ಲ.

ವೃತ್ತಿಯ ಸೂಕ್ಷ್ಮ ಕನ್ನಡದ ಆ್ಯಪ್‌ಗಳಲ್ಲಿ ಚೆನ್ನಾಗಿ ಕಾಣುತ್ತದೆ. ಹೆಸರಿನ ಜಾಗದಲ್ಲಿ ಡೆವಲಪರ್ 'ಕಮಲ' ಎಂದು ಹೊಡೆದು ಕಾಫಿಗೆ ಏಳುತ್ತಾನೆ. ಟೆಸ್ಟರ್ ಅಲ್ಲೇ ಕೂತು 'ಸ್ತ್ರೀಶಕ್ತಿ' ಎಂದು ಹೊಡೆಯುತ್ತಾಳೆ. ಓದುವವರಿಗೆ ಅದು ಮೂರಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಒತ್ತು, ದೀರ್ಘ, ಗುಡಿಸು ಎಲ್ಲ ಸೇರಿ 11. ಮಿತಿ 10 ಆಗಿದ್ದರೆ ಕೊನೆಯ ಗುಡಿಸು ಉದುರಿ ಪರದೆಯ ಮೇಲೆ 'ಸ್ತ್ರೀಶಕ್ತ' ಉಳಿಯುತ್ತದೆ, ಸ್ತ್ರೀಶಕ್ತಿ ಸಂಘದ ಸದಸ್ಯೆಯರೆಲ್ಲ ಪುಲ್ಲಿಂಗಕ್ಕೆ ತಿರುಗುತ್ತಾರೆ. ಈ ದೋಷವನ್ನು ದಾಖಲಿಸಿದ ಟಿಕೆಟ್ಟಿಗೆ ಬರುವ ಶಾಸ್ತ್ರೋಕ್ತ ಉತ್ತರ: ಅಷ್ಟುದ್ದದ ಹೆಸರು ಯಾರು ಇಟ್ಟುಕೊಳ್ಳುತ್ತಾರೆ?

ಮುಂದಿನದು ಯಾವ ದೋಷವನ್ನು ಮೊದಲು ಸರಿಪಡಿಸಬೇಕೆಂದು ತೀರ್ಮಾನಿಸುವ ಟ್ರಯಾಜ್ ಸಭೆ. ದೋಷ ಎಷ್ಟು ಗಂಭೀರ ಎನ್ನುವುದು ಟೆಸ್ಟರ್ ಬಾಯಲ್ಲಿ, ಎಷ್ಟು ಅವಸರ ಎನ್ನುವುದು ಮ್ಯಾನೇಜರ್ ಕೈಯಲ್ಲಿ. ಎರಡೂ ತಾಳೆಯಾಗದಿದ್ದರೆ ಟಿಕೆಟ್ 'ಡೆಫರ್ಡ್' ಆಗುತ್ತದೆ. ಇದು ಸರ್ಕಾರಿ ಕಡತದ ಮೋಕ್ಷಕ್ಕೆ ಸಮಾನವಾದ ಸ್ಥಿತಿ.

'ಹಳೇ ಕೋಡು, ಚೆನ್ನಾಗೇ ಓಡ್ತಿದೆ, ಮತ್ತೆ ಟೆಸ್ಟ್ ಯಾಕೆ' ಎಂಬ ಪಂಥವೂ ಪ್ರಬಲವಾಗಿದೆ. ಏರಿಯಾನ್ 5 ರಾಕೆಟ್ ಏರಿಯಾನ್ 4ರ ಕೋಡನ್ನು ಹೊತ್ತು 1996ರ ಜೂನ್ 4ರಂದು ಹಾರಿತು. ಹೊಸ ರಾಕೆಟ್ಟಿನ ವೇಗ 16 ಬಿಟ್‌ಗಳ ಜಾಗದಲ್ಲಿ ಹಿಡಿಸಲಿಲ್ಲ. ಸುಮಾರು 40 ಸೆಕೆಂಡಿನಲ್ಲಿ ರಾಕೆಟ್ ಚೂರಾಯಿತು. ಹೊಸ ಪಥದ ಅಂಕಿಗಳನ್ನು ಹಾಕಿ ಆ ಭಾಗವನ್ನು ಮೊದಲೇ ಪರೀಕ್ಷಿಸಿರಲಿಲ್ಲ.

ಗ್ರಾಹಕನ ಎದುರಿಗೇ ದೋಷ ಬಯಲಾದರೆ ಅದಕ್ಕೆ ಪ್ರತ್ಯೇಕ ಕರ್ಮವಿಧಿಯಿದೆ. ಸಭೆ ಕರೆಯಲಾಗುತ್ತದೆ. ಕೋಡ್ ಬರೆದವರು ಯಾರೆಂದು ಕೇಳುವ ಪದ್ಧತಿಯಿಲ್ಲ; 'ಟೆಸ್ಟಿಂಗಲ್ಲಿ ಯಾಕೆ ಸಿಗಲಿಲ್ಲ?' ಎಂಬುದೊಂದೇ ಪೂರ್ವಪಕ್ಷ. ಟೆಸ್ಟರ್ ಆಗ ಲ್ಯಾಪ್‌ಟಾಪ್ ತಿರುಗಿಸಿ, ಡೆಫರ್ಡ್ ಟಿಕೆಟ್ಟನ್ನೂ ಅದರ ಕೆಳಗಿರುವ ಮ್ಯಾನೇಜರ್ ಹೆಸರನ್ನೂ ತಾರೀಖಿನ ಸಮೇತ ತೋರಿಸುತ್ತಾಳೆ. ಸಭೆಯನ್ನು ಅಲ್ಲಿಗೇ ಮುಂದೂಡಲಾಗುತ್ತದೆ.